ಟ್ಯಾಂಕ್ ಗೀಜರ್ ತೆಗೆದು ಇನ್‌ಸ್ಟಂಟ್ ಹಾಕಿಸಿದರೆ ಬಿಲ್ ಇಳಿಯುತ್ತಾ? ದುಡ್ಡು ಕೊಡೋ ಮುಂಚೆ ಈ ಲೆಕ್ಕ ನೋಡ್ರಿ

ಬಾಗಲಕೋಟೆ: ಬನಶಂಕರಿ ಜಾತ್ರೆ ಹತ್ತಿರ ಬಂತು ಅಂದ್ರೆ ನಮ್ಮ ಕಡೆ ಎರಡು ಏರುತ್ತವೆ. ಒಂದು ಮನೆಗೆ ಬರುವ ಬೀಗರ ಸಂಖ್ಯೆ, ಇನ್ನೊಂದು ಲೈಟ್ ಬಿಲ್. ಬೆಳಗಿನ ಚಳಿಗೆ ಎಲ್ಲರಿಗೂ ಬಿಸಿನೀರಿನ ಜಳಕ ಬೇಕು. ನಾಲ್ಕೂವರೆ ಗಂಟೆಗೆ ಹಚ್ಚಿದ ಗೀಜರ್ ಒಂಬತ್ತಾದರೂ ಆರಿರುವುದಿಲ್ಲ. ತಿಂಗಳ ಕೊನೆಗೆ ಮೀಟರ್ ರೀಡಿಂಗ್ ಬಂದಾಗ "ಇದೇನ್ರಿ ಇಷ್ಟು ಬಂದೈತಿ" ಅನ್ನುವ ಮಾತು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಎಲ್ಲಾ ಕಡೆ ಒಂದೇ.

ಆಮೇಲೆ ಎಲೆಕ್ಟ್ರಿಕಲ್ ಅಂಗಡಿಗೆ ಹೋಗುತ್ತೇವೆ. ಅಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ: "ಹಳೇ ಟ್ಯಾಂಕ್ ಗೀಜರ್ ಕರೆಂಟ್ ತಿಂತೈತಿ, ತೆಗೆದು ಇನ್‌ಸ್ಟಂಟ್ ಹಾಕಿಸ್ರಿ, ಬಿಲ್ ಅರ್ಧ ಆಗತೈತಿ." ಈ ಮಾತಿನಲ್ಲಿ ಸ್ವಲ್ಪ ನಿಜ ಇದೆ, ಬಹಳ ತಪ್ಪೂ ಇದೆ. ಯಾವುದು ನಿಜ, ಯಾವುದು ತಪ್ಪು, ನಿಮ್ಮ ಮನೆಗೆ ಯಾವುದು ಸರಿ ಅನ್ನೋದನ್ನ ಲೆಕ್ಕದ ಸಮೇತ ಇಲ್ಲಿ ನೋಡೋಣ.

ಮೊದಲು ಚುಟುಕಾಗಿ ಉತ್ತರ

- ಒಂದು ಬಕೆಟ್ ನೀರು ಕಾಯಿಸಲು ಬೇಕಾಗುವ ಕರೆಂಟ್ ಟ್ಯಾಂಕ್ ಗೀಜರ್‌ನಲ್ಲೂ, ಇನ್‌ಸ್ಟಂಟ್‌ನಲ್ಲೂ, ಕಾಯಿಲ್‌ನಲ್ಲೂ ಹೆಚ್ಚೂಕಡಿಮೆ ಒಂದೇ.
- ಟ್ಯಾಂಕ್ ಗೀಜರ್ ನಷ್ಟ ಮಾಡುವುದು ಕಾದ ನೀರನ್ನು ಸುಮ್ಮನೆ ಕಾಯ್ದಿಡುವಾಗ. ಜಳಕ ಮುಗಿದ ಕೂಡಲೇ ಸ್ವಿಚ್ ಆರಿಸುವ ಮನೆಯಲ್ಲಿ ಆ ನಷ್ಟ ಬಹಳ ಕಡಿಮೆ.
- ಗೃಹಜ್ಯೋತಿ ಇರುವ ಮನೆಗೆ ದೊಡ್ಡ ಹೊಡೆತ ಬೀಳುವುದು 200 ಯೂನಿಟ್ ಗೆರೆ ದಾಟಿದಾಗ. ಆ ಗೆರೆ ದಾಟಿಸುವುದು ಬಹಳ ಸಲ ಮರೆತುಹೋದ ಗೀಜರ್ ಸ್ವಿಚ್ಚು.
- ಬೋರ್‌ವೆಲ್‌ನ ಗಡಸು ನೀರು ಬಳಸುವ ಮನೆಗೆ ಸಣ್ಣ ಇನ್‌ಸ್ಟಂಟ್ ಗೀಜರ್ ಅಷ್ಟಾಗಿ ಹೊಂದಲ್ಲ.

ಒಂದು ಬಕೆಟ್ ಬಿಸಿನೀರಿಗೆ ಎಷ್ಟು ಕರೆಂಟ್?

ಇದಕ್ಕೆ ಕಂಪನಿ ಜಾಹೀರಾತು ಬೇಡ, ಶಾಲೆಯ ಲೆಕ್ಕ ಸಾಕು. 1 ಯೂನಿಟ್ ಕರೆಂಟ್ ಅಂದ್ರೆ 860 ಲೀಟರ್ ನೀರನ್ನು 1 ಡಿಗ್ರಿಯಷ್ಟು ಬಿಸಿ ಮಾಡುವ ಶಾಖ. 86 ಲೀಟರ್ ಆದರೆ 10 ಡಿಗ್ರಿ, 43 ಲೀಟರ್ ಆದರೆ 20 ಡಿಗ್ರಿ.

ಚಳಿಗಾಲದ ಬೆಳಗ್ಗೆ ಮಾಳಿಗೆ ಮೇಲಿನ ಸಿಂಟೆಕ್ಸ್ ನೀರು 20 ಡಿಗ್ರಿ ಇದೆ ಅಂತ ಹಿಡಿಯೋಣ. ಜಳಕಕ್ಕೆ 40 ಡಿಗ್ರಿ ಸಾಕು. ಒಂದು ಬಕೆಟ್‌ಗೆ 18 ಲೀಟರ್. 18 ಲೀಟರನ್ನು 20 ಡಿಗ್ರಿ ಏರಿಸಲು 0.42 ಯೂನಿಟ್ ಬೇಕು. ಐದು ಮಂದಿ ಇರುವ ಮನೆಯಲ್ಲಿ ದಿನಕ್ಕೆ ಐದು ಬಕೆಟ್, ಅಂದ್ರೆ 2.1 ಯೂನಿಟ್. ತಿಂಗಳಿಗೆ 63 ಯೂನಿಟ್.

ದರ ಎಷ್ಟು? ಕೆಇಆರ್‌ಸಿ 2025-26ಕ್ಕೆ ಮನೆ ಬಳಕೆಗೆ ನಿಗದಿ ಮಾಡಿದ್ದು ಯೂನಿಟ್‌ಗೆ 5.80 ರೂಪಾಯಿ. ಅದರ ಮೇಲೆ ಪಿಂಚಣಿ ಬಾಬ್ತು 36 ಪೈಸೆ, 9 ಪರ್ಸೆಂಟ್ ತೆರಿಗೆ. ಲೆಕ್ಕ ಸುಲಭ ಆಗಲಿ ಅಂತ ಇಲ್ಲಿ ಎಲ್ಲಾ ಕಡೆ 7 ರೂಪಾಯಿ ಹಿಡಿದಿದ್ದೇವೆ. ಹಾಗೆ ನೋಡಿದರೆ ಒಂದು ಬಕೆಟ್ ಬಿಸಿನೀರಿಗೆ ಸುಮಾರು 3 ರೂಪಾಯಿ, ಐದು ಮಂದಿಯ ಮನೆಗೆ ತಿಂಗಳಿಗೆ ಸುಮಾರು 440 ರೂಪಾಯಿ.

ಈ 63 ಯೂನಿಟ್ ಯಾವ ಗೀಜರ್ ಹಾಕಿದರೂ ಬೇಕೇ ಬೇಕು. 3 ಕಿಲೋವ್ಯಾಟ್‌ನ ಇನ್‌ಸ್ಟಂಟ್ ಗೀಜರ್ ಒಂದು ಬಕೆಟ್ ತುಂಬಿಸಲು ಸುಮಾರು ಎಂಟೂವರೆ ನಿಮಿಷ ತಗೋತದೆ. ಐದು ಬಕೆಟ್‌ಗೆ 42 ನಿಮಿಷ. 3 ಕಿಲೋವ್ಯಾಟ್ 42 ನಿಮಿಷ ಓಡಿದರೆ ಎಷ್ಟಾಯ್ತು? ಅದೇ 2.1 ಯೂನಿಟ್. ಬಕೆಟ್‌ನಲ್ಲಿ ಕಾಯಿಲ್ ಮುಳುಗಿಸಿ ಇಟ್ಟರೂ ಅಷ್ಟೇ. "ಇನ್‌ಸ್ಟಂಟ್ ಬೇಗ ಕಾಯತೈತಿ, ಅದಕ್ಕ ಕರೆಂಟ್ ಕಡಿಮಿ" ಅನ್ನೋದು ಇದಕ್ಕೇ ತಪ್ಪು. ಅದು ಹೆಚ್ಚು ವ್ಯಾಟ್ ಎಳೆದು ಬೇಗ ಕಾಯಿಸುತ್ತದೆ, ಅಷ್ಟೇ.

ಬಿಲ್ ನಿಜವಾಗಿ ಏರುವುದು ಬಕೆಟ್ ಬಿಟ್ಟು ಶವರ್ ಹಿಡಿದಾಗ. ಶವರ್‌ನಲ್ಲಿ ನಿಮಿಷಕ್ಕೆ 6ರಿಂದ 8 ಲೀಟರ್ ನೀರು ಹೋಗುತ್ತದೆ. ಹತ್ತು ನಿಮಿಷ ನಿಂತರೆ 70 ಲೀಟರ್ ಆಸುಪಾಸು, ಕರೆಂಟ್ 1.6 ಯೂನಿಟ್. ಅಂದ್ರೆ ಒಬ್ಬರ ಶವರ್ ಜಳಕ ನಾಲ್ಕು ಮಂದಿಯ ಬಕೆಟ್ ಜಳಕಕ್ಕೆ ಸಮ.

ಹಂಗಾದ್ರ ಟ್ಯಾಂಕ್ ಗೀಜರ್ ತಪ್ಪೇನು?

ಟ್ಯಾಂಕ್ ಗೀಜರ್ ಒಂದು ದೊಡ್ಡ ಥರ್ಮಾಸ್ ಇದ್ದಂಗ. ಒಳಗೆ ಬಿಸಿನೀರು, ಸುತ್ತ ಶಾಖ ಹೋಗದಂತೆ ತಡೆಯುವ ಫೋಮ್ ಪದರ. ಚಹಾದ ಥರ್ಮಾಸ್ ಎಷ್ಟೇ ಛಲೋ ಇದ್ದರೂ ಸಂಜೆಗೆ ಚಹಾ ಉಗುರುಬೆಚ್ಚಗೆ ಆಗುತ್ತಲ್ಲ, ಹಾಗೇ ಟ್ಯಾಂಕಿನ ನೀರೂ ನಿಧಾನಕ್ಕೆ ಆರುತ್ತದೆ. ಸ್ವಿಚ್ ಆನ್ ಇದ್ದರೆ ಥರ್ಮೋಸ್ಟ್ಯಾಟ್ ಅದನ್ನು ಮತ್ತೆ ಮತ್ತೆ ಕಾಯಿಸುತ್ತದೆ. ಯಾರೂ ಜಳಕ ಮಾಡದಿದ್ದರೂ ಮೀಟರ್ ಓಡುತ್ತದೆ.

ಹಳೆಯ 25 ಲೀಟರ್ ಟ್ಯಾಂಕ್ ಇಡೀ ದಿನ ಆನ್ ಇದ್ದರೆ ಈ ನಷ್ಟ ದಿನಕ್ಕೆ 1 ಯೂನಿಟ್ ಆಸುಪಾಸು. ತಿಂಗಳಿಗೆ 30 ಯೂನಿಟ್, ಸುಮಾರು 210 ರೂಪಾಯಿ. ಸ್ಟಾರ್ ಹೆಚ್ಚಿರುವ ಹೊಸ ಗೀಜರ್‌ನಲ್ಲಿ ಇದು ಕಡಿಮೆ. ಗೀಜರ್ ಮೇಲೆ ಅಂಟಿಸಿರುವ ಬಿಇಇ ಲೇಬಲ್‌ನಲ್ಲಿ 24 ತಾಸಿನಲ್ಲಿ ಎಷ್ಟು ಯೂನಿಟ್ ಹೀಗೆ ನಷ್ಟವಾಗುತ್ತದೆ ಅನ್ನುವ ಅಂಕಿ ಬರೆದಿರುತ್ತಾರೆ. ಕೊಳ್ಳುವಾಗ ಸ್ಟಾರ್ ಎಣಿಸುವ ಜೊತೆಗೆ ಆ ಅಂಕಿಯನ್ನೂ ಓದ್ರಿ. ಎರಡು ಗೀಜರ್ ಪಕ್ಕ ಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ.

ಇನ್ನೊಂದು ನಷ್ಟ ಬಹಳ ಮಂದಿಗೆ ಗೊತ್ತೇ ಇಲ್ಲ. ಕೊನೆಯವರು ಜಳಕ ಮಾಡುವಾಗಲೂ ಗೀಜರ್ ಆನ್ ಇರುತ್ತದೆ. ಅವರು ನೀರು ಬಿಟ್ಟುಕೊಂಡಂತೆ ಕೆಳಗಿನಿಂದ ತಣ್ಣೀರು ಒಳಗೆ ಬರುತ್ತದೆ, ಗೀಜರ್ ಅದನ್ನೂ ಕಾಯಿಸುತ್ತದೆ. ಎಲ್ಲರ ಜಳಕ ಮುಗಿದಾಗ ಒಳಗೆ 25 ಲೀಟರ್ ಬಿಸಿನೀರು ಯಾರಿಗೂ ಬೇಡದೆ ಉಳಿದಿರುತ್ತದೆ. 25 ಲೀಟರನ್ನು 20ರಿಂದ 55 ಡಿಗ್ರಿಗೆ ಏರಿಸಲು 1 ಯೂನಿಟ್ ಖರ್ಚಾಗಿರುತ್ತದೆ. ಮರುದಿನ ಬೆಳಗ್ಗೆ ಹೊತ್ತಿಗೆ ಅದರ ಬಹುಪಾಲು ಶಾಖ ಗಾಳಿಗೆ ಹೋಗಿರುತ್ತದೆ. ಪರಿಹಾರ ಸರಳ: ಕೊನೆಯವರು ಒಳಗೆ ಹೋಗುವ ಮುಂಚೆಯೇ ಸ್ವಿಚ್ ಆರಿಸಿ ಹೋಗಬೇಕು. ಟ್ಯಾಂಕಿನಲ್ಲಿ ಇರೋದು ಒಬ್ಬರಿಗೆ ಧಾರಾಳ ಸಾಕು.

ಗೃಹಜ್ಯೋತಿ ಮನೆಗೆ 200ರ ಗೆರೆ

ಗೃಹಜ್ಯೋತಿ ಯೋಜನೆ 2023ರ ಆಗಸ್ಟ್‌ನಿಂದ ಬಿಲ್‌ನಲ್ಲಿ ಜಾರಿಗೆ ಬಂತು. "200 ಯೂನಿಟ್ ಫ್ರೀ" ಅಂತ ನಾವು ಬಾಯಿಮಾತಿನಲ್ಲಿ ಹೇಳಿದರೂ ಪ್ರತಿ ಮನೆಗೂ ಬೇರೆ ಬೇರೆ ಅರ್ಹತೆ ಇದೆ. 2022-23ರಲ್ಲಿ ಆ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ 10 ಪರ್ಸೆಂಟ್ ಸೇರಿಸಿದ್ದು ನಿಮ್ಮ ಅರ್ಹತೆ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದ ಮನೆಗಳಿಗೆ ಮುಂದೆ 2024ರಲ್ಲಿ 10 ಪರ್ಸೆಂಟ್ ಬದಲು 10 ಯೂನಿಟ್ ಸೇರಿಸುವ ತೀರ್ಮಾನ ಆಯಿತು.

ಇದರಲ್ಲಿ ಮೂರು ಮೆಟ್ಟಿಲು ಇವೆ:

1. ಅರ್ಹತೆಯೊಳಗೆ ಬಳಸಿದರೆ ಬಿಲ್ ಸೊನ್ನೆ.
2. ಅರ್ಹತೆ ದಾಟಿ, 200ರೊಳಗೆ ಇದ್ದರೆ ಹೆಚ್ಚಿಗೆ ಬಳಸಿದ ಯೂನಿಟ್‌ಗೆ ಮಾತ್ರ ದುಡ್ಡು.
3. 200 ದಾಟಿತೋ, ಮೊದಲನೇ ಯೂನಿಟ್‌ನಿಂದ ಪೂರ್ತಿ ಬಿಲ್, ನಿಗದಿತ ಶುಲ್ಕ ಸಮೇತ.

ಈಗ ಒಂದು ಮನೆ ಇಟ್ಟುಕೊಳ್ಳೋಣ. 2022-23ರ ಸರಾಸರಿ 150 ಯೂನಿಟ್, ಅರ್ಹತೆ 165. ಜನವರಿ ತಿಂಗಳಲ್ಲಿ ಫ್ರಿಜ್, ಟಿವಿ, ಮೋಟರ್, ಲೈಟ್ ಎಲ್ಲಾ ಸೇರಿ 130 ಯೂನಿಟ್. ಐದು ಮಂದಿಯ ಬಿಸಿನೀರಿಗೆ 63. ಒಟ್ಟು 193. ಅರ್ಹತೆಗಿಂತ 28 ಯೂನಿಟ್ ಹೆಚ್ಚು, ಕಟ್ಟಬೇಕಾದ್ದು ಸುಮಾರು 196 ರೂಪಾಯಿ.

ಅದೇ ಮನೆಯಲ್ಲಿ ಗೀಜರ್ ಹಗಲೆಲ್ಲಾ ಆನ್ ಉಳಿದಿದ್ದರೆ? ಇನ್ನೊಂದು 30 ಯೂನಿಟ್ ಸೇರಿ 223 ಆಗುತ್ತದೆ. ಗೆರೆ ದಾಟಿತು. ಈಗ 223 ಯೂನಿಟ್‌ಗೂ ದುಡ್ಡು, ಸುಮಾರು 1,561 ರೂಪಾಯಿ, ನಿಗದಿತ ಶುಲ್ಕ ಬೇರೆ. ಆರಿಸದೆ ಬಿಟ್ಟ ಒಂದು ಸ್ವಿಚ್ಚು 196 ರೂಪಾಯಿಯ ಬಿಲ್ಲನ್ನು 1,561ಕ್ಕೆ ಒಯ್ದಿತು.

ಈ ಮನೆಯವರು ಇನ್‌ಸ್ಟಂಟ್ ಗೀಜರ್ ಹಾಕಿಸಿದ್ದರೂ ಆ 30 ಯೂನಿಟ್ ಉಳಿಯುತ್ತಿತ್ತು, ನಿಜ. ಆದರೆ ಸ್ವಿಚ್ ಆರಿಸಿದ್ದರೂ ಅಷ್ಟೇ ಉಳಿಯುತ್ತಿತ್ತು, ಖರ್ಚಿಲ್ಲದೆ.

ಹೊಸ ಮನೆ ಕಟ್ಟಿದವರು ಇನ್ನೂ ಹುಷಾರಾಗಿರಬೇಕು. ಹಳೆಯ ದಾಖಲೆ ಇಲ್ಲದ ಮನೆಗೆ ಯೋಜನೆ ಶುರುವಾದಾಗ ನಿಗದಿ ಆದ ಅರ್ಹತೆ 58 ಯೂನಿಟ್. ಐದು ಮಂದಿಯ ಬಿಸಿನೀರೇ 63 ಯೂನಿಟ್ ಅಂತ ಮೇಲೆ ನೋಡಿದೆವು. ಅಂದ್ರೆ ಅರ್ಹತೆ ಪೂರ್ತಿ ಬಚ್ಚಲದಲ್ಲೇ ಮುಗಿದುಹೋಗುತ್ತದೆ.

ನಿಮ್ಮ ಅರ್ಹತೆ ಎಷ್ಟು ಅನ್ನೋದು ಪ್ರತಿ ತಿಂಗಳ ಹೆಸ್ಕಾಂ ಬಿಲ್‌ನಲ್ಲೇ ಇರುತ್ತದೆ. ರೀಡಿಂಗ್ ಆದ ಇಪ್ಪತ್ತನೇ ದಿನಕ್ಕೆ ಒಮ್ಮೆ ಮೀಟರ್ ನೋಡ್ರಿ. ಅಷ್ಟೊತ್ತಿಗೆ 130 ದಾಟಿದ್ದರೆ ತಿಂಗಳ ಕೊನೆಗೆ 200ರ ಹತ್ತಿರ ಹೋಗುತ್ತೀರಿ ಅಂತ ಅರ್ಥ. ಉಳಿದ ಹತ್ತು ದಿನ ಕೈ ಹಿಡಿಯಲು ಸಮಯ ಇರುತ್ತದೆ.

ರಾತ್ರಿ ಕಾಯಿಸಿಟ್ಟರೆ ಅಗ್ಗ ಅಂತಾರಲ್ಲ?

"ರಾತ್ರಿ ಕರೆಂಟ್ ಅಗ್ಗ, ಮಲಗೋ ಮುಂಚೆ ಗೀಜರ್ ಹಚ್ಚಿಡಬೇಕು" ಅಂತ ಕೆಲವರು ಹೇಳುತ್ತಾರೆ. ಇದು ನಮ್ಮೂರಿನ ಮಾತಲ್ಲ, ಬೇರೆ ದೇಶದಿಂದ ಬಂದದ್ದು. ಇಂಗ್ಲೆಂಡಿನಲ್ಲಿ 1978ರಿಂದ 'ಇಕಾನಮಿ 7' ಅನ್ನುವ ದರ ಇದೆ. ರಾತ್ರಿ ಏಳು ತಾಸು ಕರೆಂಟ್ ಅಗ್ಗ, ಹಗಲು ತುಟ್ಟಿ. ಅಲ್ಲಿಯ ಚಳಿಗೆ ಮನೆ ಬೆಚ್ಚಗಿಡಲು ದೊಡ್ಡ ಹೀಟರ್ ಒಳಗೆ ಇಟ್ಟಿಗೆ ಇಟ್ಟಿರುತ್ತಾರೆ. ಅಗ್ಗದ ರಾತ್ರಿ ಕರೆಂಟಿನಲ್ಲಿ ಇಟ್ಟಿಗೆ ಕಾಯುತ್ತದೆ, ಹಗಲೆಲ್ಲಾ ಅದು ಶಾಖ ಬಿಡುತ್ತದೆ. ಅಂಥ ಹೀಟರ್ ಕಿತ್ತು ಸಾದಾ ಹೀಟರ್ ಹಾಕಿಸಿದವರು ಅದನ್ನು ಹಗಲಿನ ತುಟ್ಟಿ ಕರೆಂಟಿನಲ್ಲಿ ಓಡಿಸಬೇಕು, ಬಿಲ್ ಏರುತ್ತದೆ. ಹೀಟರ್ ಬದಲಿಸುವ ಮುಂಚೆ ದರ ನೋಡಬೇಕು ಅನ್ನೋದು ಅಲ್ಲಿಯ ಪಾಠ.

ನಮ್ಮಲ್ಲಿ ದರ ಬೇರೆ. ಕರ್ನಾಟಕದಲ್ಲಿ ಸಮಯಕ್ಕೆ ತಕ್ಕ ದರ ಇರುವುದು ಕಾರ್ಖಾನೆಗಳಂಥ ಎಚ್‌ಟಿ ಗ್ರಾಹಕರಿಗೆ. ಮನೆಯ ಸಾದಾ ಮೀಟರ್‌ಗೆ ರಾತ್ರಿ ಎರಡಕ್ಕೂ ಬೆಳಗ್ಗೆ ಆರಕ್ಕೂ ಒಂದೇ ದರ. ಹಾಗಾಗಿ ರಾತ್ರಿ ಕಾಯಿಸಿ ಇಟ್ಟರೆ ಒಂದು ಪೈಸೆ ಉಳಿಯಲ್ಲ, ಬೆಳಗಿನ ತನಕ ಆರಿಹೋದ ಶಾಖದ ದುಡ್ಡು ಮಾತ್ರ ಹೆಚ್ಚಿಗೆ ಬೀಳುತ್ತದೆ. ನಮಗೆ ಸರಿಯಾದ ಪದ್ಧತಿ ಜಳಕಕ್ಕೆ ಅರ್ಧ ತಾಸು ಮುಂಚೆ ಹಚ್ಚುವುದು. 2 ಕಿಲೋವ್ಯಾಟ್‌ನ 15 ಲೀಟರ್ ಗೀಜರ್ ಸುಮಾರು 18 ನಿಮಿಷಕ್ಕೆ, 25 ಲೀಟರ್‌ನದು ಅರ್ಧ ತಾಸಿಗೆ ಕಾಯುತ್ತದೆ.

ಇನ್‌ಸ್ಟಂಟ್ ಹಾಕಿಸುವ ಮುಂಚೆ ನಾಲ್ಕು ಪ್ರಶ್ನೆ

1. ವೈರ್ ತಡೆಯುತ್ತಾ? 3 ಕಿಲೋವ್ಯಾಟ್ ಗೀಜರ್ 13 ಆ್ಯಂಪ್ ಎಳೆಯುತ್ತದೆ. 4.5 ಕಿಲೋವ್ಯಾಟ್ ಆದರೆ 20 ಆ್ಯಂಪ್. ಲೈಟು, ಫ್ಯಾನಿನ ವೈರ್‌ನಿಂದ ಇದಕ್ಕೆ ಕನೆಕ್ಷನ್ ಕೊಡಲೇಬಾರದು. 3 ಕಿಲೋವ್ಯಾಟ್‌ಗೆ ಮೇನ್ ಬೋರ್ಡ್‌ನಿಂದ ಪ್ರತ್ಯೇಕ ವೈರ್, ಕಡಿಮೆ ಅಂದ್ರೂ 2.5 ಚದರ ಮಿಲಿಮೀಟರ್ ತಾಮ್ರದ್ದು, 16 ಆ್ಯಂಪ್ ಪ್ಲಗ್, ಅದಕ್ಕೇ ಒಂದು ಎಂಸಿಬಿ, ಅರ್ಥಿಂಗ್ ಇವೆಲ್ಲಾ ಬೇಕು. 4.5 ಕಿಲೋವ್ಯಾಟ್‌ಗೆ 4 ಚದರ ಮಿಲಿಮೀಟರ್ ವೈರ್, 16 ಆ್ಯಂಪ್ ಪ್ಲಗ್ ಸಾಲದು. ಹಳೇ ಮನೆಗಳಲ್ಲಿ ಈ ವೈರಿಂಗ್ ಖರ್ಚು ಗೀಜರ್ ಬೆಲೆಯನ್ನೇ ಮೀರಬಹುದು. ಅಂಗಡಿಯಲ್ಲಿ ಗೀಜರ್ ಬೆಲೆ ಕೇಳಿದ ಕೂಡಲೇ ಈ ಖರ್ಚೂ ಕೇಳಿಕೊಳ್ಳಿ.

2. ಮಂಜೂರಾದ ಲೋಡ್ ಎಷ್ಟು? ಬಿಲ್‌ನಲ್ಲಿ ಲೋಡ್ ಕಿಲೋವ್ಯಾಟ್‌ನಲ್ಲಿ ಬರೆದಿರುತ್ತದೆ. 1 ಅಥವಾ 2 ಕಿಲೋವ್ಯಾಟ್ ಮಂಜೂರಾದ ಮನೆಯಲ್ಲಿ 3 ಕಿಲೋವ್ಯಾಟ್ ಗೀಜರ್, ಮೇಲೆ ನೀರಿನ ಮೋಟರ್ ಒಟ್ಟಿಗೆ ಓಡಿದರೆ ಲೋಡ್ ಮೀರುತ್ತದೆ. ಲೋಡ್ ಹೆಚ್ಚಿಸಿಕೊಂಡರೆ ಪ್ರತಿ ಕಿಲೋವ್ಯಾಟ್‌ಗೂ ನಿಗದಿತ ಶುಲ್ಕ ಏರುತ್ತದೆ. ಗೀಜರ್ ಆನ್ ಇದ್ದಾಗ ಮೋಟರ್ ಹಚ್ಚದಿರುವುದು ಒಂದು ಉಪಾಯ.

3. ಬಕೆಟ್ ತುಂಬುವ ತನಕ ತಾಳ್ಮೆ ಇದೆಯಾ? 3 ಕಿಲೋವ್ಯಾಟ್ ಗೀಜರ್ ನಿಮಿಷಕ್ಕೆ 2 ಲೀಟರ್ ಚಿಲ್ಲರೆ ಬಿಸಿನೀರನ್ನಷ್ಟೇ ಕೊಡಬಲ್ಲದು. ನಲ್ಲಿ ಜೋರಾಗಿ ಬಿಟ್ಟರೆ ಬರೋದು ಉಗುರುಬೆಚ್ಚಗಿನ ನೀರು. ಬೇಸಿಗೆಯಲ್ಲಿ ಚೆನ್ನಾಗಿ ಕಾಯಿಸಿದ ಗೀಜರ್ ಜನವರಿಯಲ್ಲಿ "ಕಾಯಂಗಿಲ್ಲ" ಅಂತ ಅನಿಸುವುದು ಇದೇ ಕಾರಣಕ್ಕೆ. ಗೀಜರ್ ಕೆಟ್ಟಿಲ್ಲ, ಬರುವ ನೀರು ತಣ್ಣಗಾಗಿದೆ. ನಲ್ಲಿ ಸಣ್ಣ ಮಾಡಬೇಕು.

4. ಕರೆಂಟ್ ಹೋಗುವ ಊರಾ? ಬೆಳಗ್ಗೆ ಕರೆಂಟ್ ಕೈಕೊಡುವ ಊರಲ್ಲಿ ಇನ್‌ಸ್ಟಂಟ್ ಗೀಜರ್ ಇದ್ದೂ ಇಲ್ಲದಂಗ. ಟ್ಯಾಂಕ್ ಗೀಜರ್ ಆದರೆ ಐದಕ್ಕೇ ಕಾಯಿಸಿಟ್ಟ ನೀರು ಎಂಟರ ತನಕ ಬಿಸಿ ಇರುತ್ತದೆ.

ನಿಮ್ಮೂರ ನೀರು ಎಂಥದ್ದು?

ಈ ಒಂದು ವಿಷಯ ಕಂಪನಿಯ ಪುಸ್ತಕದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ, ನಮ್ಮ ಜಿಲ್ಲೆಗೆ ಮಾತ್ರ ಇದೇ ದೊಡ್ಡದು. ಕಲಾದಗಿ, ಬಾಗಲಕೋಟೆ ಸುತ್ತಮುತ್ತ ಸುಣ್ಣಕಲ್ಲಿನ ನೆಲ. ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದದ್ದೂ ಅದಕ್ಕೇ. ಇಳಕಲ್, ಹುನಗುಂದ ಕಡೆ ಕೆಂಪು ಗ್ರಾನೈಟ್. ಇಂಥ ನೆಲದ ಆಳದಿಂದ ಬರುವ ಬೋರ್ ನೀರು ಎಷ್ಟೋ ಕಡೆ ಗಡಸು. ನದಿ ನೀರು ಬರುವ ಓಣಿಗೂ, ಬೋರ್ ನೀರಿನ ಓಣಿಗೂ ಒಂದೇ ಊರಲ್ಲಿ ಬಹಳ ಫರಕು ಇರುತ್ತದೆ.

ನೀರು ಗಡಸಾ ಅಂತ ತಿಳಿಯಲು ಲ್ಯಾಬ್ ಬೇಕಿಲ್ಲ. ಸೋಪು ನೊರೆ ಬರಲ್ಲ, ಬ್ಯಾಳಿ ಬೇಗ ಬೇಯಲ್ಲ, ನೀರು ಕಾಯಿಸಿದ ಪಾತ್ರೆ ತಳದಲ್ಲಿ ಬಿಳಿ ಪದರ ಕೂರುತ್ತದೆ ಅಂದ್ರೆ ಗಡಸು ನೀರೇ.

ಅದೇ ಬಿಳಿ ಪದರ ಗೀಜರ್ ಒಳಗಿನ ಕಾಯಿಲ್ ಮೇಲೆ ಕೂರುತ್ತದೆ. ನೀರು 60 ಡಿಗ್ರಿ ದಾಟಿದರೆ ಇನ್ನೂ ಬೇಗ ಕೂರುತ್ತದೆ. ಪದರ ದಪ್ಪಗಾದಂತೆ ಕಾಯಿಲ್‌ನ ಶಾಖ ನೀರಿಗೆ ಹೋಗಲು ತಡವಾಗುತ್ತದೆ, ಕಾಯಿಲ್ ಅತಿಯಾಗಿ ಕಾದು ಒಂದು ದಿನ ಸುಟ್ಟುಹೋಗುತ್ತದೆ. ದೊಡ್ಡ ಟ್ಯಾಂಕಿನಲ್ಲಿ ಪದರ ಉದುರಿ ತಳಕ್ಕೆ ಬೀಳಲು ಜಾಗ ಇರುತ್ತದೆ. 1 ಲೀಟರ್, 3 ಲೀಟರ್‌ನ ಇನ್‌ಸ್ಟಂಟ್ ಗೀಜರ್‌ನಲ್ಲಿ ಆ ಜಾಗವೇ ಇಲ್ಲ, ಬೇಗ ಕಟ್ಟಿಕೊಳ್ಳುತ್ತದೆ. ಬಿಲ್ ಉಳಿಸಲು ಹೋಗಿ ಎರಡು ವರ್ಷಕ್ಕೊಂದು ಗೀಜರ್ ಕೊಂಡರೆ ಉಳಿದದ್ದೇನು?

ಗಡಸು ನೀರಿನ ಮನೆಯವರು ಮಾಡಬೇಕಾದ್ದು ಇಷ್ಟು:

- ಒಳಗಡೆ ಗಾಜಿನ ಲೇಪನ ಇರುವ ಟ್ಯಾಂಕ್ ಗೀಜರ್ ತಗೊಳ್ಳಿ. ಗಡಸು ನೀರಿಗೆ ವಾರಂಟಿ ಇದೆಯಾ ಅಂತ ಬರಹದಲ್ಲಿ ನೋಡಿ.
- ಥರ್ಮೋಸ್ಟ್ಯಾಟ್ 50ರಿಂದ 55 ಡಿಗ್ರಿಗೆ ಇಡಿ. ಪೂರ್ತಿ ತಿರುಗಿಸಿ ಇಟ್ಟರೆ ಪದರವೂ ಹೆಚ್ಚು, ಶಾಖದ ನಷ್ಟವೂ ಹೆಚ್ಚು.
- ಟ್ಯಾಂಕಿನೊಳಗೆ ಒಂದು ಮೆಗ್ನೀಷಿಯಂ ಕಡ್ಡಿ ಇರುತ್ತದೆ. ಟ್ಯಾಂಕ್ ತುಕ್ಕು ಹಿಡಿಯುವ ಬದಲು ಅದು ತಾನು ಸವೆಯುತ್ತದೆ. ವರ್ಷಕ್ಕೊಮ್ಮೆ ಮೆಕ್ಯಾನಿಕ್‌ನಿಂದ ತೆಗೆಸಿ ನೋಡಿ, ಸವೆದಿದ್ದರೆ ಹೊಸದು ಹಾಕಿಸಿ. ಅದೇ ಹೊತ್ತಿಗೆ ಟ್ಯಾಂಕ್ ಒಳಗಿನ ಸುಣ್ಣವನ್ನೂ ತೊಳೆಸಿ.
- ಬಚ್ಚಲ ತೊಳೆಯುವ ಆ್ಯಸಿಡ್ ಗೀಜರ್‌ಗೆ ಹಾಕಬೇಡಿ. ಸುಣ್ಣದ ಜೊತೆ ಟ್ಯಾಂಕ್ ಕೂಡ ಹೋಗುತ್ತದೆ.

ಯಾರು ಬದಲಿಸಬೇಕು, ಯಾರು ಬ್ಯಾಡ?

ಬದಲಿಸಿದರೆ ಲಾಭ: ಗಂಡ ಹೆಂಡತಿ ಇಬ್ಬರೇ ಇರುವ, ನದಿ ನೀರು ಬರುವ, ವೈರಿಂಗ್ ಹೊಸದಿರುವ ಮನೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯಲು ಆಗಾಗ ಒಂದೆರಡು ಲೀಟರ್ ಬಿಸಿನೀರು ಬೇಕಾದಲ್ಲೂ ಇನ್‌ಸ್ಟಂಟ್ ಸರಿ. ಎಷ್ಟು ಹೇಳಿದರೂ ಗೀಜರ್ ಆರಿಸುವುದು ಮರೆಯುವ ಮನೆಗೂ ಸರಿ. ಆದರೆ ಅಂಥವರು ಮೊದಲು ಟೈಮರ್ ಸ್ವಿಚ್ ಪ್ರಯತ್ನಿಸಬಹುದು. ಗೀಜರ್‌ನ ಆ್ಯಂಪ್ ತಡೆಯುವ ಟೈಮರ್ ಅಂತ ಕೇಳಿ ತಗೊಳ್ಳಬೇಕು.

ಹಾಗೇ ಇಟ್ಟುಕೊಂಡರೆ ಲಾಭ: ಐದಾರು ಮಂದಿಯ ಮನೆ, ಬೋರ್ ನೀರಿನ ಮನೆ, ಕರೆಂಟ್ ಹೋಗಿ ಬರುವ ಊರು, ಹಳೇ ವೈರಿಂಗ್‌ನ ಮನೆ. ಇವರು ಟ್ಯಾಂಕ್ ಗೀಜರನ್ನೇ ಹೊತ್ತಿಗೆ ಸರಿಯಾಗಿ ಹಚ್ಚಿ ಆರಿಸಿದರೆ ಸಾಕು.

ಗೀಜರ್ ಹಳೆಯದಾಗಿ ಸೋರುತ್ತಿದ್ದರೆ: ಹೇಗಿದ್ದರೂ ಹೊಸದು ಬೇಕು. ಆಗ ಮಂದಿ ಎಷ್ಟು, ನೀರು ಎಂಥದ್ದು ಅನ್ನೋದರ ಮೇಲೆ ನಿರ್ಧರಿಸಿ. 15 ಲೀಟರ್ ಟ್ಯಾಂಕಿನ 55 ಡಿಗ್ರಿ ನೀರಿಗೆ ತಣ್ಣೀರು ಬೆರೆಸಿದರೆ ಸುಮಾರು ಒಂದೂವರೆ ಬಕೆಟ್ ಜಳಕದ ನೀರಾಗುತ್ತದೆ, 25 ಲೀಟರ್‌ನದು ಎರಡು ಬಕೆಟ್ ಮೇಲೆ. ಬೇಕಿಲ್ಲದೆ ದೊಡ್ಡ ಟ್ಯಾಂಕ್ ಬೇಡ.

ಹಂಡೆ ಒಲೆ ಇರುವ ಹಳ್ಳಿಯ ಮನೆಯವರು ಅದನ್ನು ಕಿತ್ತುಹಾಕುವ ಅವಸರ ಮಾಡಬೇಕಿಲ್ಲ. ಹತ್ತಿಕಟಗಿ, ತೊಗರಿಕಟಗಿ ಹೊಲದಿಂದಲೇ ಬರುವ ಮನೆಯಲ್ಲಿ ಬೀಗರು ಬಂದ ನಾಲ್ಕು ದಿನ ಹಂಡೆ ಹಚ್ಚಿದರೂ 200ರ ಗೆರೆ ದಾಟದಂತೆ ನೋಡಿಕೊಳ್ಳಬಹುದು. ಹೊಗೆ ಮನೆಯೊಳಗೆ ಬರಬಾರದು, ಅಷ್ಟು ನೋಡಿಕೊಂಡರೆ ಆಯಿತು.

ಸೋಲಾರ್ ಲೆಕ್ಕ

63 ಯೂನಿಟ್‌ನ ಬಿಸಿನೀರಿನ ಖರ್ಚನ್ನೇ ಕೆಳಗೆ ಇಳಿಸಬೇಕು ಅಂದ್ರೆ ದಾರಿ ಸೋಲಾರ್ ವಾಟರ್ ಹೀಟರ್. ನಮ್ಮ ಜಿಲ್ಲೆಗೆ ಬಿಸಿಲಿನ ಬರ ಇಲ್ಲ, ಚಳಿಗಾಲದಲ್ಲೂ ಆಕಾಶ ಬಹುತೇಕ ನಿಚ್ಚಳ ಇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ವಾಟರ್ ಹೀಟರ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟ್‌ಗೆ ಇಳಿದಿದೆ. ಸೋಲಾರ್ ವಾಟರ್ ಹೀಟರ್ ಬಳಸುವ ಮನೆಗಳಿಗೆ ಯೂನಿಟ್‌ಗೆ 50 ಪೈಸೆಯಂತೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ಬಿಲ್ ರಿಯಾಯಿತಿ ಪದ್ಧತಿಯೂ ಕೆಇಆರ್‌ಸಿ ದರಪಟ್ಟಿಯಲ್ಲಿ ಬಂದಿದೆ. ನಿಮ್ಮ ಸೆಕ್ಷನ್ ಆಫೀಸಿನಲ್ಲಿ ವಿಚಾರಿಸಿ.

ಆದರೆ ಅಲ್ಲೂ ಗಡಸು ನೀರಿನ ಮಾತು ಬರುತ್ತದೆ. ಗಾಜಿನ ಕೊಳವೆಯ ಸೋಲಾರ್‌ನಲ್ಲಿ ಸುಣ್ಣ ಕಟ್ಟಿದರೆ ಕೊಳವೆಯೊಳಗೆ ತೊಳೆಯಬಹುದು, ತಾಮ್ರದ ಸಣ್ಣ ಪೈಪಿನ ಸೋಲಾರ್‌ನಲ್ಲಿ ಅದು ಕಷ್ಟ. ಬೋರ್ ನೀರಿನವರು ಕೊಳ್ಳುವಾಗಲೇ ಅಂಗಡಿಯಲ್ಲಿ "ನಮ್ಮದು ಬೋರ್ ನೀರ್ರಿ" ಅಂತ ಹೇಳಿ ಕೇಳಬೇಕು. ಇನ್ನೊಂದು, ಸೋಲಾರ್‌ಗೆ ಜೋಡಿಸಿದ ಕರೆಂಟ್ ಕಾಯಿಲ್ ಸದಾ ಆನ್ ಇದ್ದರೆ ಸೋಲಾರ್ ಹಾಕಿಸಿದ್ದು ದಂಡ. ಮೋಡ ಇದ್ದ ದಿನ ಮಾತ್ರ ಅದನ್ನು ಹಚ್ಚಿ.

ಅಂಗಡಿ, ಖಾನಾವಳಿ, ಲಾಡ್ಜ್‌ನವರಿಗೆ

ವಾಣಿಜ್ಯ ಮೀಟರ್‌ಗೆ ಗೃಹಜ್ಯೋತಿ ಇಲ್ಲ, ಯೂನಿಟ್ ದರವೂ ಮನೆಗಿಂತ ಹೆಚ್ಚು. ಬಾದಾಮಿಯ ಲಾಡ್ಜ್‌ಗಳಲ್ಲಿ ಪ್ರವಾಸಿಗರ ಹಂಗಾಮಿನಲ್ಲಿ ರೂಮಿಗೊಂದು ಟ್ಯಾಂಕ್ ಗೀಜರ್ ದಿನವಿಡೀ ಆನ್ ಇದ್ದರೆ, ಹತ್ತು ರೂಮಿಗೆ ದಿನಕ್ಕೆ ಹತ್ತು ಯೂನಿಟ್ ಹತ್ತಿರ ಬರೀ ಶಾಖದ ನಷ್ಟಕ್ಕೇ ಹೋಗುತ್ತದೆ. ಖಾಲಿ ರೂಮಿನ ಗೀಜರ್ ಆರಿಸುವಂತೆ ಕೌಂಟರ್ ಹತ್ತಿರವೇ ಸ್ವಿಚ್ ಇಟ್ಟುಕೊಳ್ಳುವುದು, ಅಥವಾ ಮಾಳಿಗೆ ಮೇಲೆ ಒಂದೇ ದೊಡ್ಡ ಸೋಲಾರ್ ಹಾಕುವುದು ಇಲ್ಲಿ ನಿಜವಾದ ಉಳಿತಾಯ. ಕಟಿಂಗ್ ಶಾಪ್‌ನಲ್ಲಿ ಬೇಕಾದ್ದು ಆಗಾಗ ಅರ್ಧ ಲೀಟರ್ ಬಿಸಿನೀರು, ಅಲ್ಲಿ ಸಣ್ಣ ಇನ್‌ಸ್ಟಂಟ್ ಸರಿಯಾಗಿ ಹೊಂದುತ್ತದೆ.

ದುಡ್ಡಿಗಿಂತ ಜೀವ ದೊಡ್ಡದು

- ಅರ್ಥಿಂಗ್ ಇಲ್ಲದ ಪಾಯಿಂಟ್‌ಗೆ ಯಾವ ಗೀಜರನ್ನೂ ಜೋಡಿಸಬೇಡಿ. ಬೇಸಿಗೆಯಲ್ಲಿ ಒಣಗಿದ ಅರ್ಥ್ ಗುಂಡಿಗೆ ನೀರು ಹಾಕುವುದು ಮರೆಯಬೇಡಿ. ಕರೆಂಟ್ ಸೋರಿದರೆ ತಕ್ಷಣ ಕಡಿದುಹಾಕುವ ಆರ್‌ಸಿಸಿಬಿ ಹಾಕಿಸಿದರೆ ಇನ್ನೂ ಒಳ್ಳೇದು.
- ಬಕೆಟ್‌ನಲ್ಲಿ ಕಾಯಿಲ್ ಹಾಕಿದಾಗ ನೀರು ಬಿಸಿಯಾಯ್ತಾ ಅಂತ ಬೆರಳು ಅದ್ದಬೇಡಿ. ಪ್ಲಗ್ ಕಿತ್ತ ಮೇಲೇ ಮುಟ್ಟಬೇಕು. ಮಕ್ಕಳಿರುವ ಮನೆಯಲ್ಲಿ ಕಾಯಿಲ್ ಬೇಡವೇ ಬೇಡ.
- ಟ್ಯಾಂಕ್ ಗೀಜರ್‌ನ ಸೇಫ್ಟಿ ವಾಲ್ವ್‌ನಿಂದ ಹನಿ ಹನಿ ನೀರು ಬೀಳುತ್ತದೆ ಅಂತ ಅದನ್ನು ಮುಚ್ಚಿಸಬೇಡಿ. ಒತ್ತಡ ಹೊರಗೆ ಹೋಗುವ ದಾರಿ ಅದೊಂದೇ.
- ಕರೆಂಟ್ ಉಳಿಸಲು ಗ್ಯಾಸ್ ಗೀಜರ್ ಹಾಕಿಸುವವರು ಅದನ್ನು ಬಚ್ಚಲ ಒಳಗೆ ಹಾಕಿಸಲೇಬಾರದು. ಗಾಳಿ ಆಡದ ಜಾಗದಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಜಳಕಕ್ಕೆ ಹೋದವರು ಅಲ್ಲೇ ಎಚ್ಚರ ತಪ್ಪಿ ಜೀವ ಕಳೆದುಕೊಳ್ಳುತ್ತಾರೆ.

ನಿಮ್ಮ ಗೀಜರನ್ನು ನೀವೇ ಅಳೆಯಿರಿ

ಯಾರ ಮಾತೂ ನಂಬಬೇಕಿಲ್ಲ, ಮೀಟರ್ ನಂಬಿದರೆ ಸಾಕು. ಒಂದು ರವಿವಾರ ಬೆಳಗ್ಗೆ ಎಲ್ಲರ ಜಳಕ ಮುಗಿದು, ಗೀಜರ್ ಕಾದು ಅದರ ದೀಪ ಆರಿದ ಮೇಲೆ, ಗೀಜರ್ ಒಂದನ್ನು ಬಿಟ್ಟು ಮನೆಯ ಉಳಿದ ಎಂಸಿಬಿ ಆರಿಸಿ. ಫ್ರಿಜ್ ನಾಲ್ಕು ತಾಸು ಮುಚ್ಚಿದ್ದರೆ ಏನೂ ಆಗಲ್ಲ. ಮೀಟರ್‌ನ ಯೂನಿಟ್ ಅಂಕಿ ದಶಾಂಶದ ಸಮೇತ ಬರೆದುಕೊಳ್ಳಿ. ನಾಲ್ಕು ತಾಸು ಯಾರೂ ಬಿಸಿನೀರಿನ ನಲ್ಲಿ ಮುಟ್ಟಬಾರದು. ಆಮೇಲೆ ದೀಪ ಒಮ್ಮೆ ಹತ್ತಿ ಆರಿದ ಕೂಡಲೇ ಮತ್ತೆ ಅಂಕಿ ಬರೆದುಕೊಳ್ಳಿ. ನಡುವೆ ಆದ ವ್ಯತ್ಯಾಸವೇ ನಿಮ್ಮ ಗೀಜರ್ ಸುಮ್ಮನೆ ತಿಂದದ್ದು. ಅದನ್ನು ಆರರಿಂದ ಗುಣಿಸಿದರೆ ಒಂದು ದಿನದ ನಷ್ಟ ಹೆಚ್ಚೂಕಡಿಮೆ ಸಿಗುತ್ತದೆ.

ಆ ಅಂಕಿ 1 ಯೂನಿಟ್ ಹತ್ತಿರ ಇದ್ದು, ನಿಮ್ಮ ಮನೆಯಲ್ಲಿ ಗೀಜರ್ ಹಗಲೆಲ್ಲಾ ಆನ್ ಇರುತ್ತಿದ್ದರೆ ತಿಂಗಳಿಗೆ 200 ರೂಪಾಯಿ, ಗೆರೆ ದಾಟಿದರೆ ಒಂದೂವರೆ ಸಾವಿರ, ನಿಮ್ಮ ಕೈಯಲ್ಲೇ ಇದೆ. ನಾಳೆ ಬೆಳಗ್ಗೆಯಿಂದ ಹಚ್ಚುವ ಹೊತ್ತು, ಆರಿಸುವ ಹೊತ್ತು ಎರಡನ್ನೂ ಬಚ್ಚಲ ಬಾಗಿಲಿಗೆ ಒಂದು ಚೀಟಿಯಲ್ಲಿ ಬರೆದು ಅಂಟಿಸಿ. ಒಂದು ತಿಂಗಳು ಹಾಗೆ ಮಾಡಿ ಮುಂದಿನ ಬಿಲ್ ನೋಡಿ. ಆಮೇಲೂ ಹೊಸ ಗೀಜರ್ ಬೇಕು ಅನಿಸಿದರೆ ಅಂಗಡಿ ಎಲ್ಲೂ ಓಡಿ ಹೋಗಲ್ಲ.

ಬಿಲ್, ಲೋಡ್, ಮೀಟರ್ ವಿಷಯದಲ್ಲಿ ಏನಾದರೂ ಅನುಮಾನ ಇದ್ದರೆ ನಿಮ್ಮ ತಾಲೂಕಿನ ಹೆಸ್ಕಾಂ ಕಚೇರಿಗೆ ಬಿಲ್ ಸಮೇತ ಹೋಗಿ, ಇಲ್ಲವೇ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಆರ್‌ಆರ್ ನಂಬರ್ ಕೈಯಲ್ಲಿ ಇಟ್ಟುಕೊಂಡಿರಿ.